ಮಡಿಕೇರಿ ಬಂಡೆಗಳಲ್ಲಿ ಹಳೆಯ ಡಿಕ್ಕಿಯ ಜಾಡು ಹಿಡಿದದ್ದು

ಕೊಡಗಿನಲ್ಲಿ ಬಂಡೆ ನೋಡಲು ಹೊರಟರೆ ಮೊದಲು ಬಂಡೆಯೇ ಸಿಗುವುದಿಲ್ಲ. ಎಲ್ಲೆಲ್ಲೂ ಕೆಂಪು ಮಣ್ಣು, ಕಾಫಿ ತೋಟ, ಕಾಡು. ಹಾಗಾಗಿ ನಾನು ಬೇಸಿಗೆಯಲ್ಲಿ ನೀರು ಇಳಿದ ತೋಡುಗಳ ಜಾಡು ಹಿಡಿದು ನಡೆಯುತ್ತಿದ್ದೆ. ರಸ್ತೆಗಾಗಿ ಕಡಿದ ಬರೆ, ಹಳೆಯ ಕಲ್ಲುಕೋರೆ, ಬಾವಿ ತೋಡಿ ಹಾಕಿದ ಕಲ್ಲಿನ ರಾಶಿ, ಯಾವುದನ್ನೂ ಬಿಡುತ್ತಿರಲಿಲ್ಲ. ತೋಟದೊಳಗೆ ಹೋಗುವ ಮೊದಲು ತೋಟದ ಕೆಲಸ ನೋಡಿಕೊಳ್ಳುವ ಎಸ್ಟೇಟ್ ರೈಟರ್‌ಗೆ ಹೇಳಲೇಬೇಕು. ಆನೆ ಯಾವ ಕಡೆ ಇದೆ ಎಂದು ಗೊತ್ತಿರುವುದು ಅವರಿಗೇ. "ಕೆರೆ ಹತ್ತಿರ ದೊಡ್ಡ ಬಂಡೆ ಉಂಟು, ಬನ್ನಿ ಸಾರ್" ಎಂದು ಎಷ್ಟೋ ಸಲ ಅವರೇ ದಾರಿ ತೋರಿಸಿದ್ದಾರೆ.

ನಾನು ಹುಡುಕುತ್ತಿದ್ದದ್ದು ಒಂದು ಹೊಲಿಗೆಯನ್ನು. ಕೊಡಗು ಒಂದು ಕಾಲದಲ್ಲಿ ಬೇರೆಯೇ ಭೂಖಂಡದ ತುಂಡು. ಅದರ ಉತ್ತರಕ್ಕೆ, ಭೂವಿಜ್ಞಾನಿಗಳು ಧಾರವಾಡ ಎಂದು ಕರೆಯುವ ಇನ್ನೊಂದು ಹಳೆಯ ನೆಲ. ಸುಮಾರು 300 ಕೋಟಿ ವರ್ಷಗಳ ಹಿಂದೆ ಎರಡೂ ಡಿಕ್ಕಿ ಹೊಡೆದು ಕೂಡಿಕೊಂಡವು ಎಂಬುದು ಸಂಶೋಧಕರ ಲೆಕ್ಕ. ಆ ಹೊಲಿಗೆಯ ಗಡಿಗೆ ಮರ್ಕೆರಾ ಶಿಯರ್ ಝೋನ್ ಎನ್ನುತ್ತಾರೆ. ಮರ್ಕೆರಾ ಮಡಿಕೇರಿಯ ಹಳೆಯ ಹೆಸರು, ಶಿಯರ್ ಝೋನ್ ಎಂದರೆ ಬಂಡೆಗಳು ಒಂದಕ್ಕೊಂದು ಉಜ್ಜಿ ಜರುಗಿದ ಪಟ್ಟಿ.

ಬಂಡೆ ಸಿಕ್ಕ ಮೇಲೆ ಮೇಲಿನ ಕೊಳೆತ ಸಿಪ್ಪೆಯನ್ನು ಸುತ್ತಿಗೆಯಿಂದ ಒಡೆದು, ಹೊಸ ಮುಖವನ್ನು ಲೆನ್ಸ್‌ನಲ್ಲಿ ನೋಡಬೇಕು. ವಿರಾಜಪೇಟೆ ಕಡೆ ಹೋದಂತೆ ಎಣ್ಣೆ ಸವರಿದಂತೆ ಹೊಳೆಯುವ, ಹಸಿರು ಮಿಶ್ರಿತ ಕಪ್ಪು ಚಾರ್ನೊಕೈಟ್ ಎಂಬ ಕಲ್ಲು ಜಾಸ್ತಿ. ಮೈಸೂರು ಕಡೆ ಸಾಗಿದರೆ ಬಿಳಿ-ಕಪ್ಪು ಪಟ್ಟೆಯ ನೈಸ್ ಎಂಬ ಕಲ್ಲು. ಇವೆರಡರ ನಡುವೆ, ಮಡಿಕೇರಿ ಆಸುಪಾಸಿನಲ್ಲಿ, ಪಟ್ಟೆಗಳು ತೆಳ್ಳಗೆ, ಒತ್ತೊತ್ತಾಗಿ, ಕಡಿದಾಗಿ ನಿಲ್ಲುತ್ತವೆ. ಪ್ರತಿ ಜಾಗದಲ್ಲೂ ಪಟ್ಟೆ ಯಾವ ದಿಕ್ಕಿಗೆ ಓಡುತ್ತದೆ, ಎಷ್ಟು ಓರೆ ಎಂದು ದಿಕ್ಸೂಚಿಯಲ್ಲಿ ಅಳೆದು ನಕ್ಷೆಯ ಮೇಲೆ ಗೀಟು ಎಳೆದೆ. ಒಂದು ಗೀಟಿನಿಂದ ಏನೂ ತಿಳಿಯುವುದಿಲ್ಲ. ಗೀಟುಗಳು ತುಂಬುತ್ತಾ ಬಂದಾಗ ಹೆಚ್ಚಿನವು ವಾಯವ್ಯದಿಂದ ಆಗ್ನೇಯಕ್ಕೆ ಸಾಲುಗಟ್ಟಿದವು. ಆ ಸಂಜೆ ನಕ್ಷೆ ಮಡಚಿಡಲು ಮನಸ್ಸೇ ಬರಲಿಲ್ಲ.

ಕೆಲವು ಕಲ್ಲುಗಳಲ್ಲಿ ಕೆಂಪು ಗಾರ್ನೆಟ್ ಹರಳುಗಳು, ಅಂಗೈಗಳ ನಡುವೆ ಹಿಟ್ಟಿನ ಉಂಡೆ ಉಜ್ಜಿದ ಹಾಗೆ, ತಿರುಗಿ ಬಾಲ ಎಳೆದುಕೊಂಡಿರುತ್ತವೆ. ಬಾಲ ಯಾವ ಕಡೆಗಿದೆ ಎಂದು ನೋಡಿದರೆ ನೆಲ ಯಾವ ಕಡೆಗೆ ಜರುಗಿತು ಎಂಬುದು ತಿಳಿಯುತ್ತದೆ. ನನಗೆ ಇದಕ್ಕಿಂತಲೂ ಹೆಚ್ಚು ಇಷ್ಟ ಕಯನೈಟ್ ಎಂಬ ನೀಲಿ ಛಾಯೆಯ ಚಪ್ಪಟೆ ಹರಳು. ಅದಿರುವ ಕಲ್ಲು ಮೊದಲು ನೀರಿನ ತಳದ ಜೇಡಿ. ಡಿಕ್ಕಿಯಲ್ಲಿ ಹತ್ತಾರು ಕಿಲೋಮೀಟರ್ ಆಳಕ್ಕೆ ಇಳಿದು, ಒತ್ತಡದಲ್ಲಿ ಬೆಂದು, ಮತ್ತೆ ಮೇಲೆ ಬಂದಿದೆ. ಅಷ್ಟು ದೂರ ಹೋಗಿ ಬಂದದ್ದು ಕೈಯಲ್ಲಿ ಕೂತಿರುತ್ತದೆ, ಅಲ್ವಾ!

ವಯಸ್ಸು ಮಾತ್ರ ದಿಕ್ಸೂಚಿಗೆ ಸಿಗದು. ಅದಕ್ಕೆ ಜಿರ್ಕಾನ್ ಎಂಬ ಪುಟ್ಟ ಹರಳು ಬೇಕು. ಕಲ್ಲನ್ನು ಪುಡಿ ಮಾಡಿ, ತಟ್ಟೆಯಲ್ಲಿ ತೊಳೆದು, ತಳದಲ್ಲಿ ಉಳಿದ ಭಾರದ ಕಣಗಳಿಂದ ಸೂಕ್ಷ್ಮದರ್ಶಕದಡಿ ಒಂದೊಂದನ್ನೇ ಹೆಕ್ಕಬೇಕು. ಕಣ್ಣು ಸೋತುಹೋಗುತ್ತದೆ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ದೂರವಿಡುತ್ತದೆ. ಆ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ 238ರಲ್ಲಿ ಅರ್ಧ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಒಳಗಿರುವ ಸೀಸ ಮತ್ತು ಉಳಿದ ಯುರೇನಿಯಂ ಎರಡನ್ನೂ ಅಳೆದರೆ ವಯಸ್ಸು ಸಿಗುತ್ತದೆ. ಕೊಡಗಿನ ಜಿರ್ಕಾನ್‌ಗಳಲ್ಲಿ 310ರಿಂದ 350 ಕೋಟಿ ವರ್ಷದವು ಸಿಕ್ಕಿವೆ. ಮೋಯಾರ್ ನದಿಯಾಚೆಯ ನೀಲಗಿರಿ ಬಂಡೆಗಳು ಸುಮಾರು 250 ಕೋಟಿ ವರ್ಷದವು, ಅಂದರೆ ತುಂಬಾ ಕಿರಿಯವು.

ಹಾಗಾದರೆ ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಆ ಡಿಕ್ಕಿಯಿಂದ ಎದ್ದ ಬೆಟ್ಟವೇ ಎಂದು ಜನ ಕೇಳುತ್ತಾರೆ. ಅಲ್ಲ. ಆ ಬೆಟ್ಟಸಾಲು ಸವೆದು ಎಷ್ಟೋ ಕಾಲವಾಯಿತು. ಉಳಿದಿರುವುದು ಅದರ ಬುಡ. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟದ್ದು ಸುಮಾರು 9 ಕೋಟಿ ವರ್ಷದ ಹಿಂದೆ. ಇಂದಿನ ಪಶ್ಚಿಮ ಘಟ್ಟದ ಅಂಚು ರೂಪುಗೊಂಡದ್ದು ಅಲ್ಲಿಂದೀಚೆಗೆ. ಹಳೆಯ ಬುಡ ಆಗ ಮತ್ತೆ ಎತ್ತರಕ್ಕೆ ಬಂತು, ಮಳೆ ಅದನ್ನು ಕೊರೆಯಲು ಶುರುಮಾಡಿತು.