ಇಂಗ್ಲೆಂಡಿನಲ್ಲಿ ಆತಂಕಕ್ಕೆ ಚಿಕಿತ್ಸೆ: ಎಲ್ಲಿ ಕೇಳಬೇಕು, ಏನು ಹೇಳಬೇಕು

ಇಂಗ್ಲೆಂಡಿಗೆ ಬಂದ ನಮ್ಮ ಕನ್ನಡದವರು ಆತಂಕ ಅಂತ ಹೇಳಿಕೊಂಡು ಡಾಕ್ಟರ ಹತ್ತಿರ ಹೋಗುವುದು ಕಡಿಮೆ. ಗ್ಯಾಸ್ಟ್ರಿಕ್ ಅಂತ ಹೋಗುತ್ತಾರೆ, ಬಿಪಿ ಇರಬಹುದು ಅಂತ ಹೋಗುತ್ತಾರೆ, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದೆ ಢವಢವ ಹೊಡೆದುಕೊಳ್ಳುತ್ತೆ ಅಂತ ಹೋಗುತ್ತಾರೆ. ಜಿಪಿ (ಇಲ್ಲಿ ಮೊದಲು ನೋಡುವ ಏರಿಯಾದ ಡಾಕ್ಟರ್) ಇಸಿಜಿ ಮಾಡಿಸುತ್ತಾರೆ, ಥೈರಾಯ್ಡ್ ನೋಡುತ್ತಾರೆ, ರಕ್ತ ಪರೀಕ್ಷೆ ಆಗುತ್ತದೆ, ವಾರದ ಮೇಲೆ 'ಎಲ್ಲಾ ನಾರ್ಮಲ್' ಅಂತ ಮೆಸೇಜ್ ಬರುತ್ತದೆ. ಅಲ್ಲಿಗೆ ಮುಗಿಯಿತು ಅಂತ ಸುಮ್ಮನಾಗುತ್ತಾರೆ. ಎದೆ ಹೊಡೆದುಕೊಳ್ಳುವುದು ಮಾತ್ರ ನಿಲ್ಲುವುದಿಲ್ಲ.

ಈ ಪರೀಕ್ಷೆಗಳು ಬೇಡ ಅಂತಲ್ಲ, ಖಂಡಿತ ಮಾಡಿಸಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಇದೇ ಥರ ಆಗುತ್ತದೆ. ದಿನಕ್ಕೆ ಐದಾರು ಲೋಟ ಸ್ಟ್ರಾಂಗ್ ಕಾಫಿ ಕುಡಿದರೂ ಆಗುತ್ತದೆ. ಆದರೆ ರಿಪೋರ್ಟ್ ಸರಿಯಿದೆ ಅಂದ ಮಾತ್ರಕ್ಕೆ ನಿಮಗೆ ಏನೂ ಆಗಿಲ್ಲ ಅಂತ ಅರ್ಥವಲ್ಲ. ಅಪಾಯ ಬಂದಾಗ ಓಡಲೋ ಹೊಡೆದಾಡಲೋ ದೇಹ ತಯಾರಾಗುವುದು ಸಹಜ. ಉಸಿರು ಜೋರಾಗುತ್ತದೆ, ಕೈ ಬೆವರುತ್ತದೆ, ಹೊಟ್ಟೆ ಕಲಸುತ್ತದೆ. ಅಪಾಯವೇ ಇಲ್ಲದಾಗ ಇದು ಶುರುವಾಗಿ, ತಿಂಗಳುಗಟ್ಟಲೆ ಹಾಗೇ ಉಳಿದು, ನಿದ್ದೆ, ಕೆಲಸ, ಸಂಸಾರ ಎಲ್ಲಕ್ಕೂ ಅಡ್ಡ ಬಂದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಪ್ಯಾನಿಕ್ ಅಟ್ಯಾಕ್ ಅಂದರೆ ಇದೇ ಒಮ್ಮೆಲೇ ಉಕ್ಕಿ ಬರುವುದು. ಸಾಮಾನ್ಯವಾಗಿ ಐದರಿಂದ ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಆದರೆ ಎದೆನೋವು ಮೊದಲ ಸಲ ಬಂದಿದ್ದರೆ, ಅಥವಾ ಕೈಗೋ ದವಡೆಗೋ ಹರಡುತ್ತಿದ್ದರೆ, ಪ್ಯಾನಿಕ್ ಇರಬಹುದು ಅಂತ ನೀವೇ ತೀರ್ಮಾನ ಮಾಡಬೇಡಿ. ತುರ್ತು ನಂಬರ್ 999ಕ್ಕೆ ಫೋನ್ ಮಾಡಿ.

ಇಲ್ಲಿಯ ವ್ಯವಸ್ಥೆ ಕೆಟ್ಟದ್ದೇನಲ್ಲ, ಆದರೆ ನೀವು ಬಾಯಿಬಿಟ್ಟು ಹೇಳಿದಷ್ಟನ್ನೇ ಕೇಳಿಸಿಕೊಳ್ಳುತ್ತದೆ. ಊರಿನ ಡಾಕ್ಟರ್ ಮುಖ ನೋಡಿ 'ಯಾಕೆ ಹೀಗಿದೀಯ, ಮನೇಲಿ ಏನಾದ್ರೂ ತೊಂದ್ರೆನಾ' ಅಂತ ತಾವೇ ಕೆದಕುತ್ತಾರೆ. ಇಲ್ಲಿ ಜಿಪಿಗೆ ಸಿಗುವುದು ಹತ್ತು ನಿಮಿಷ. 'ಐ ಆಮ್ ಫೈನ್, ಸ್ವಲ್ಪ ಗ್ಯಾಸ್ಟ್ರಿಕ್' ಅಂದರೆ ಗ್ಯಾಸ್ಟ್ರಿಕ್‌ಗೆ ಮಾತ್ರೆ ಬರೆದು ಕಳಿಸುತ್ತಾರೆ. ಅವರ ತಪ್ಪು ಅಂತ ನಾನು ಹೇಳುವುದಿಲ್ಲ.

ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಇಂಗ್ಲೆಂಡಿನಲ್ಲಿ ಆತಂಕಕ್ಕೆ ಥೆರಪಿ ಬೇಕೆಂದರೆ ಜಿಪಿಯ ಚೀಟಿಯೇ ಬೇಕಿಲ್ಲ. ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಅಂತ, ಇಲ್ಲಿಯ ಸರಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನದೇ ಮಾತಿನ ಚಿಕಿತ್ಸೆಯ ಸೇವೆ ಇದೆ. 2008ರಲ್ಲಿ ಐಎಪಿಟಿ ಅನ್ನುವ ಹೆಸರಿನಲ್ಲಿ ಶುರುವಾಗಿ 2023ರಲ್ಲಿ ಈ ಹೆಸರು ಪಡೆಯಿತು. ಹಳಬರು ಈಗಲೂ 'ಐಆಪ್ಟ್' ಅನ್ನುತ್ತಾರೆ. ಹದಿನೆಂಟು ತುಂಬಿದ್ದು ಯಾವುದಾದರೂ ಜಿಪಿ ಸರ್ಜರಿಯಲ್ಲಿ (ಇಲ್ಲಿ ಕ್ಲಿನಿಕ್‌ಗೆ ಹಾಗನ್ನುತ್ತಾರೆ) ಹೆಸರು ನೋಂದಾಯಿಸಿದ್ದರೆ ಸಾಕು, ಎನ್‌ಎಚ್‌ಎಸ್ ಜಾಲತಾಣದಲ್ಲಿ ನಿಮ್ಮ ಜಿಪಿಯ ಹೆಸರು ಹಾಕಿ ಹುಡುಕಿ, ನಿಮ್ಮ ಏರಿಯಾದ ಸೇವೆಗೆ ನೀವೇ ಫಾರಂ ತುಂಬಿ ಕಳಿಸಬಹುದು. ಬೆಳಿಗ್ಗೆ ಎಂಟಕ್ಕೆ ಸರ್ಜರಿಗೆ ಫೋನ್ ಹಚ್ಚಿ ಕ್ಯೂನಲ್ಲಿ ಕಾಯುವ ಕೆಲಸವಿಲ್ಲ. ದುಡ್ಡೂ ಇಲ್ಲ. ವೀಸಾ ಅರ್ಜಿ ಹಾಕುವಾಗ ಹೆಲ್ತ್ ಸರ್ಚಾರ್ಜ್ ಅಂತ ಕಟ್ಟಿದ್ದೀರಲ್ಲ, 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776, ಅದರಲ್ಲೇ ಇದೂ ಸೇರಿದೆ. ಅಷ್ಟು ದುಡ್ಡು ಕಟ್ಟಿದ ಮೇಲೂ ಸಂಕೋಚ ಯಾಕೆ?

ಫಾರಂ ಕಳಿಸಿದ ಮೇಲೆ ಮೊದಲ ಮಾತುಕತೆ ಹೆಚ್ಚಾಗಿ ಫೋನಿನಲ್ಲೇ ನಡೆಯುತ್ತದೆ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಎನ್‌ಎಚ್‌ಎಸ್ ಕರೆಗಳು ನಂಬರ್ ತೋರಿಸದೇ ಬರುವುದು ಮಾಮೂಲು. ನಾವೋ, ಗೊತ್ತಿಲ್ಲದ ನಂಬರ್ ಅಂದರೆ ಕಟ್ ಮಾಡುವವರು. ಕರೆ ತೆಗೆಯದೇ ಹೋದರೆ, ಇಂತಿಷ್ಟು ದಿನದೊಳಗೆ ನೀವು ವಾಪಸ್ ಸಂಪರ್ಕಿಸದಿದ್ದರೆ ಹೆಸರು ತೆಗೆಯುತ್ತೇವೆ ಅಂತ ಪತ್ರವೋ ಮೆಸೇಜೋ ಬರುತ್ತದೆ. ಮಾತಿಗೆ ತಪ್ಪದೆ ಹೆಸರು ತೆಗೆದೂ ಬಿಡುತ್ತಾರೆ. ಹಾಗಾಗಿ ಆ ವಾರ ಎಲ್ಲ ಕರೆಯನ್ನೂ ತೆಗೆಯಿರಿ, ಸ್ಪ್ಯಾಮ್ ಫೋಲ್ಡರ್ ಕೂಡ ನೋಡುತ್ತಿರಿ.

ಕರೆಗೆ ಮೊದಲೇ ಎರಡು ಪ್ರಶ್ನಾವಳಿ ಕಳಿಸುತ್ತಾರೆ. ಜಿಎಡಿ-7 ಆತಂಕಕ್ಕೆ, ಪಿಎಚ್‌ಕ್ಯೂ-9 ಖಿನ್ನತೆಗೆ. ಜಿಎಡಿಯಲ್ಲಿ ಏಳು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಚಿಂತೆ ನಿಲ್ಲಿಸಲಾಗದೆ ಒದ್ದಾಡಿದಿರಾ, ಕೂತಲ್ಲಿ ಕೂರಲಾಗಲಿಲ್ಲವಾ, ಏನೋ ಕೆಟ್ಟದ್ದಾಗುತ್ತೆ ಅಂತ ಹೆದರಿದಿರಾ, ಹೀಗೆ. ಒಂದು ದಿನವೂ ಇಲ್ಲ ಅಂದರೆ ಸೊನ್ನೆ, ಹೆಚ್ಚುಕಡಿಮೆ ದಿನಾಲೂ ಅಂದರೆ ಮೂರು. ಒಟ್ಟು 21. ಐದರಿಂದ ಮೇಲೆ ಸಣ್ಣ ಮಟ್ಟದ್ದು, ಹತ್ತರಿಂದ ಮೇಲೆ ಮಧ್ಯಮ, ಹದಿನೈದರಿಂದ ಮೇಲೆ ತೀವ್ರ. ಈ ಸೇವೆಯವರು ಎಂಟು ಬಂದರೇ ಗಮನಕ್ಕೆ ತೆಗೆದುಕೊಳ್ಳುತ್ತಾರೆ. ಮುಂದೆ ಯಾವ ಥರ ಚಿಕಿತ್ಸೆ ಅನ್ನುವುದರಲ್ಲಿ ಈ ಅಂಕಗಳ ಪಾತ್ರ ದೊಡ್ಡದು. ನಮ್ಮವರು 'ಅಷ್ಟೇನಿಲ್ಲ ಬಿಡಿ' ಅಂತ ಎಲ್ಲದಕ್ಕೂ ಒಂದು ಹಾಕಿ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದ್ದದ್ದು ಇದ್ದ ಹಾಗೆ ಹಾಕಿ.

ಪಿಎಚ್‌ಕ್ಯೂವಿನ ಕೊನೆಯ ಪ್ರಶ್ನೆ ಸತ್ತರೆ ಚೆನ್ನಾಗಿತ್ತು ಅನ್ನಿಸಿದೆಯಾ, ನಿಮಗೆ ನೀವೇ ನೋವು ಮಾಡಿಕೊಳ್ಳಬೇಕು ಅನ್ನಿಸಿದೆಯಾ ಅನ್ನುವುದು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಹಾಕಿದ ತಕ್ಷಣ ಆಂಬುಲೆನ್ಸ್ ಮನೆ ಮುಂದೆ ಬಂದು ನಿಲ್ಲುವುದಿಲ್ಲ. ಯಾವಾಗ ಅನ್ನಿಸುತ್ತದೆ, ಎಷ್ಟು ಜೋರು, ಹಾಗೆ ಮಾಡುವ ಯೋಚನೆ ಇದೆಯಾ ಅಂತ ಇನ್ನಷ್ಟು ಕೇಳುತ್ತಾರೆ. ಮನಸ್ಸಿನಲ್ಲಿ ಇದ್ದರೆ ಹೇಳಿಬಿಡಿ.

ಮಾತಾಡುವಾಗ ನೋವಿನ ಜೊತೆಗೆ ಅದರಿಂದ ಏನು ನಿಂತು ಹೋಗಿದೆ ಅನ್ನುವುದನ್ನೂ ಹೇಳಿ. 'ತುಂಬಾ ಟೆನ್ಷನ್' ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. 'ಟೀಮ್ ಮೀಟಿಂಗ್‌ನಲ್ಲಿ ಎರಡು ತಿಂಗಳಿಂದ ಬಾಯಿ ತೆಗೆದಿಲ್ಲ', 'ಟ್ಯೂಬ್ ರೈಲು ಹತ್ತುವುದು ಬಿಟ್ಟು ಬಸ್ಸಿನಲ್ಲಿ ಒಂದೂವರೆ ಗಂಟೆ ಹೋಗುತ್ತೇನೆ', 'ಮಗುವನ್ನು ಶಾಲೆಗೆ ಬಿಡಲು ಗಂಡನೇ ಹೋಗಬೇಕು' ಅಂದರೆ ತಕ್ಷಣ ಅರ್ಥವಾಗುತ್ತದೆ. ಇಂಗ್ಲಿಷ್ ಕಷ್ಟ ಅನ್ನಿಸಿದರೆ ದುಭಾಷಿ ಬೇಕು ಅಂತ ಕೇಳಿ, ಖರ್ಚು ಅವರದೇ. ಗಂಡನನ್ನೋ ಮಗಳನ್ನೋ ಕೂರಿಸಿಕೊಂಡು ಮಾತಾಡಬೇಕಾಗಿಲ್ಲ. ದುಭಾಷಿ ನಮ್ಮ ಕನ್ನಡ ಸಂಘದವರೇ ಆಗಿಬಿಟ್ಟರೆ ಅನ್ನುವ ಭಯ ಕೆಲವರಿಗಿದೆ. ದುಭಾಷಿಗಳು ಗುಟ್ಟು ಕಾಪಾಡಬೇಕಾದವರೇ, ಆದರೂ ಭಯವಿದ್ದರೆ ಬೇರೆ ಊರಿನವರು ಫೋನಿನಲ್ಲಿ ಬರಲಿ ಅಂತ ಕೇಳಬಹುದು.

ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಸೌಮ್ಯವಾಗಿದ್ದರೆ ಮೊದಲು ಪಿಡಬ್ಲ್ಯುಪಿ ಅನ್ನುವವರು ಸಿಗುತ್ತಾರೆ. ಅವರು ಡಾಕ್ಟರಲ್ಲ, ಇದಕ್ಕೆಂದೇ ತರಬೇತಿ ಪಡೆದವರು. ಅರ್ಧ ಗಂಟೆಯ ಕೆಲವು ಭೇಟಿ, ಓದಲು ಹಾಳೆಗಳು, ಮನೆಗೆಲಸ, ಕೆಲವೊಮ್ಮೆ ಆನ್‌ಲೈನ್ ಕೋರ್ಸ್ ಅಥವಾ ಗುಂಪಿನ ತರಗತಿ. ಇದರಿಂದ ಆಗಲಿಲ್ಲ ಅಂದರೆ, ಅಥವಾ ಶುರುವಿನಲ್ಲೇ ಜೋರಾಗಿದ್ದರೆ, ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಸಿಬಿಟಿ ಚಿಕಿತ್ಸೆಯ ಥೆರಪಿಸ್ಟ್. ಸದಾ ಕಾಡುವ ಆತಂಕಕ್ಕೆ ವಾರಕ್ಕೊಂದರಂತೆ 12ರಿಂದ 15 ಭೇಟಿ ಅಂತ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಶೇಕಡ 75 ಜನರಿಗೆ ಆರು ವಾರದೊಳಗೆ, 95 ಜನರಿಗೆ ಹದಿನೆಂಟು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಗುರಿ. ಇದರಲ್ಲಿ ಒಂದು ಕಿತಾಪತಿ ಇದೆ. ಲೆಕ್ಕ ಮೊದಲ ಭೇಟಿಯವರೆಗೆ ಮಾತ್ರ, ಅದು ಮುಗಿದು ಎರಡನೆಯದು ಬರಲು ಮತ್ತೆ ಕಾಯಬೇಕಾಗಬಹುದು. ಮೊದಲ ಕರೆಯಲ್ಲೇ 'ಎರಡನೇ ಭೇಟಿಗೆ ಎಷ್ಟು ದಿನ, ಯಾರಾದರೂ ಅಪಾಯಿಂಟ್‌ಮೆಂಟ್ ಬಿಟ್ಟರೆ ನನ್ನನ್ನು ಕರೆಯುತ್ತೀರಾ' ಅಂತ ಕೇಳಿಡಿ.

ಸಿಬಿಟಿಯಲ್ಲಿ ಬರೀ ಹರಟೆ ಹೊಡೆದು ಸಮಾಧಾನ ಮಾಡಿ ಕಳಿಸುತ್ತಾರೆ ಅಂದುಕೊಂಡವರು ನಿರಾಶರಾಗುತ್ತಾರೆ, ಯಾಕಂದರೆ ಅದು ಸ್ವಲ್ಪ ಕಿರಿಕಿರಿಯ ಕೆಲಸವೇ. ನಮ್ಮಲ್ಲಿ ತುಂಬಾ ಜನರಿಗಿರುವ ಒಂದು ಚಿಂತೆ ತೆಗೆದುಕೊಳ್ಳೋಣ. ಅಮ್ಮ ಮೈಸೂರಿನಲ್ಲಿ ಒಬ್ಬರೇ. ಇಲ್ಲಿ ರಾತ್ರಿ ಒಂದು ಗಂಟೆ ಅಂದರೆ ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ ಆರೂವರೆ. ಮಗ ಎದ್ದು ವಾಟ್ಸಾಪ್‌ನಲ್ಲಿ ಅಮ್ಮನ ಲಾಸ್ಟ್ ಸೀನ್ ನೋಡುತ್ತಾನೆ. ಸಂಜೆ 4.10 ಅಂತಿದೆ, ಅಂದರೆ ಅಲ್ಲಿ ರಾತ್ರಿ 9.40. ಇನ್ನೂ ಎದ್ದಿಲ್ಲವಾ? ಐದು ನಿಮಿಷ ಬಿಟ್ಟು ಮತ್ತೆ. ಆನ್‌ಲೈನ್ ಅಂತ ಬಂತು, ಉಸಿರು ಬಂತು, ಮಲಗಿದ. ನಾಳೆ ಮತ್ತೆ ಇದೇ. ಥೆರಪಿಸ್ಟ್ ಹೇಳುವುದು, ಆ ನೋಡುವ ಕೆಲಸವೇ ಭಯವನ್ನು ಸಾಕುತ್ತಿದೆ ಅಂತ. ನೋಡಿದ್ದರಿಂದಲೇ ಅಮ್ಮ ಕ್ಷೇಮ ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಹಾಗಾಗಿ ಮನೆಗೆಲಸ: ಈ ವಾರ ರಾತ್ರಿ ಎಚ್ಚರವಾದರೆ ಫೋನ್ ಮುಟ್ಟಬೇಡಿ, ಭಯ ನೂರಕ್ಕೆ ಎಷ್ಟಿತ್ತು, ಅರ್ಧ ಗಂಟೆ ಬಿಟ್ಟು ಎಷ್ಟಾಯಿತು ಬರೆಯಿರಿ. ಮುಂದಿನ ವಾರ ಬೆಳಿಗ್ಗೆ ಎದ್ದ ಮೇಲೂ ನೋಡಬೇಡಿ, ಮಧ್ಯಾಹ್ನ ಒಂದು ಫೋನ್ ಮಾಡಿ ಮಾತಾಡಿ. ಮೊದಲ ಎರಡು ಮೂರು ರಾತ್ರಿ ನರಕ. ಆಮೇಲೆ ಭಯ ತಾನಾಗಿ ಇಳಿಯುತ್ತದೆ ಅನ್ನುವುದು ಸ್ವಂತ ಹಾಳೆಯಲ್ಲೇ ಕಾಣತೊಡಗುತ್ತದೆ. ಒಂದು ಮಾತು ಮಾತ್ರ: ಅಮ್ಮನಿಗೆ ದಿನಾ ಫೋನ್ ಮಾಡುವುದು ನಮ್ಮಲ್ಲಿ ಸಹಜ ಅಂತ ಥೆರಪಿಸ್ಟ್‌ಗೆ ಬಿಡಿಸಿ ಹೇಳಿ. ಕೆಲವರು ಅದನ್ನೂ ಕಾಯಿಲೆಯ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ.

ಮಾತ್ರೆ ಕೊಡುವುದು ಜಿಪಿ. ಸಾಮಾನ್ಯವಾಗಿ ಮೊದಲು ಸರ್ಟ್ರಲೀನ್. ಕೆಲಸ ಶುರುವಾಗಲು ಕೆಲವು ವಾರ ಬೇಕು, ಮೊದಲ ಒಂದೆರಡು ವಾರ ಹೊಟ್ಟೆ ತೊಳಸಿ ಆತಂಕ ಜಾಸ್ತಿಯೂ ಆಗಬಹುದು. ಅಲ್ಲಿಗೇ ಬಿಟ್ಟುಬಿಡುವವರೂ ಇದ್ದಾರೆ. ಬಿಡುವ ಮುಂಚೆ ಜಿಪಿಗೆ ಫೋನ್ ಮಾಡಿ. ಮೂವತ್ತರೊಳಗಿನವರನ್ನು ಮೊದಲ ತಿಂಗಳು ವಾರವಾರ ವಿಚಾರಿಸಬೇಕು ಅಂತ ನೈಸ್ ಮಾರ್ಗಸೂಚಿ ಇದೆ, ಯಾಕಂದರೆ ಕೆಲವರಿಗೆ ಸಾಯುವ ಯೋಚನೆ ಬರುವ ಸಾಧ್ಯತೆ ಇದೆ. ಗುಣ ಕಂಡರೆ ಕಡೇಪಕ್ಷ ಒಂದು ವರ್ಷ ಮುಂದುವರಿಸಲು ಹೇಳುತ್ತಾರೆ. ಮಾತ್ರೆ ಬೇಡ, ಥೆರಪಿ ಬೇಕು ಅಂತಲೂ ಹೇಳಬಹುದು, ಆಯ್ಕೆ ನಿಮ್ಮದು. ಇಂಗ್ಲೆಂಡಿನಲ್ಲಿ ಒಂದು ಔಷಧಿಗೆ 9.90 ಪೌಂಡ್ ಅಂತ 2024ರ ಮೇನಲ್ಲಿ ಆಯಿತು. ಬಸುರಿಯರಿಗೆ, ಹೆರಿಗೆಯಾಗಿ ಒಂದು ವರ್ಷದವರೆಗಿನ ತಾಯಂದಿರಿಗೆ ಪುಕ್ಕಟೆ.

ಊರಿನಿಂದ ಆತಂಕ ಇಳಿಸುವ ಆಲ್ಪ್ರಜೋಲಮ್ ಅಥವಾ ಕ್ಲೊನಜೆಪಾಮ್ ಮಾತ್ರೆ ತರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಎರಡೂ ಕಾನೂನಿನ ಹತೋಟಿಯಲ್ಲಿರುವ ಔಷಧಿಗಳು, ಆಲ್ಪ್ರಜೋಲಮ್ ಅಂತೂ ಎನ್‌ಎಚ್‌ಎಸ್‌ನಲ್ಲಿ ಸಿಗುವುದೇ ಇಲ್ಲ. ತಂದೆ ತಾಯಿ ಬರುವಾಗ ತಮ್ಮ ಮಾತ್ರೆ ತಂದರೆ ಡಾಕ್ಟರ ಪತ್ರ ಜೊತೆಗಿರಲಿ. ಮೂರು ತಿಂಗಳಿಗೆ ಅಥವಾ ಅದಕ್ಕಿಂತ ಜಾಸ್ತಿ ಬೇಕಾಗುವಷ್ಟಾದರೆ ಲೈಸೆನ್ಸ್ ಬೇಕು. ಇನ್ನೊಬ್ಬರಿಗೆಂದು ತರುವ ಮಾತೇ ಬೇಡ. ನೀವು ಈಗಾಗಲೇ ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಜಿಪಿಗೆ ನಿಜ ಹೇಳಿ, ನಿಧಾನ ಇಳಿಸುತ್ತಾರೆ. ಬೆಂಗಳೂರಿನ ಡಾಕ್ಟರ್ ವಿಡಿಯೋದಲ್ಲಿ ಬರೆದ ಚೀಟಿಯನ್ನು ಇಲ್ಲಿಯ ಮೆಡಿಕಲ್ ಶಾಪಿನವರು ಒಪ್ಪುವುದಿಲ್ಲ. ಕನ್ನಡದಲ್ಲಿ ಮಾತಾಡಲು ಊರಿನ ಕೌನ್ಸೆಲರ್ ಹತ್ತಿರ ಹೋಗುವುದು ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ.

ಇನ್ನು ವೀಸಾ. ಎಲ್ಲರೂ ಪಿಸುಗುಟ್ಟಿ ಕೇಳುವುದು ಇದನ್ನೇ. ಸ್ಕಿಲ್ಡ್ ವರ್ಕರ್ ಅರ್ಜಿಯಲ್ಲಿ ಆತಂಕ ಇದೆಯಾ, ಥೆರಪಿಗೆ ಹೋಗಿದ್ದೀರಾ ಅಂತ ಕೇಳುವುದಿಲ್ಲ. ಭಾರತದಿಂದ ಬರುವಾಗ ಮಾಡಿಸಿದ್ದು ಟಿಬಿ ಪರೀಕ್ಷೆ ಅಷ್ಟೇ ತಾನೆ? ನೀವು ಹೇಳದೆ ಥೆರಪಿಸ್ಟ್ ನಿಮ್ಮ ಮ್ಯಾನೇಜರ್‌ಗೆ ಹೇಳುವಂತಿಲ್ಲ. ಜೀವಕ್ಕೆ ಅಪಾಯ, ಮಕ್ಕಳಿಗೆ ಅಪಾಯ ಇದ್ದಾಗ ಮಾತ್ರ ಬೇರೆ. ಏಳು ದಿನದವರೆಗಿನ ಕಾಯಿಲೆ ರಜೆಗೆ ನೀವೇ ಬರೆದುಕೊಟ್ಟರೆ ಸಾಕು, ಆಮೇಲೆ ಫಿಟ್ ನೋಟ್ ಅನ್ನುವ ವೈದ್ಯಕೀಯ ಚೀಟಿ ಬೇಕು. ಸಂಬಳವಿಲ್ಲದ ರಜೆ ವರ್ಷಕ್ಕೆ ನಾಲ್ಕು ವಾರ ಮೀರಿದರೆ ಸ್ಪಾನ್ಸರ್‌ಶಿಪ್‌ಗೆ ತೊಂದರೆ ಅನ್ನುವ ನಿಯಮದಿಂದ ಕಾಯಿಲೆ ರಜೆ ಹೊರಗಿದೆ. ಆದರೆ ಕಾರು ಓಡಿಸುವವರು ನೆನಪಿಡಿ: ಆತಂಕದಿಂದ ಸುರಕ್ಷಿತವಾಗಿ ಓಡಿಸಲು ಆಗುತ್ತಿಲ್ಲ ಅಂದರೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿವಿಎಲ್‌ಎಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಸಾವಿರ ಪೌಂಡ್‌ವರೆಗೆ ದಂಡ.

ಕಾಯಲು ಆಗದವರು ಖಾಸಗಿಯಾಗಿ ಹೋಗಬಹುದು. ಮೊದಲು ಕಂಪನಿಯ ಇಎಪಿ (ನೌಕರರಿಗೆ ಕಂಪನಿಯೇ ಕೊಡಿಸುವ ಕೌನ್ಸೆಲಿಂಗ್ ಸಹಾಯ) ಇದೆಯಾ ನೋಡಿ, ಐಟಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಯಾರೂ ಬಳಸುವುದಿಲ್ಲ ಅಷ್ಟೇ. ಸ್ವಂತ ದುಡ್ಡು ಕೊಡುವುದಾದರೆ ಹುಷಾರು. ಈ ದೇಶದಲ್ಲಿ ಥೆರಪಿಸ್ಟ್, ಕೌನ್ಸೆಲರ್ ಅಂತ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು, ಕಾನೂನಿನ ತಡೆಯಿಲ್ಲ. ಸಿಬಿಟಿಗೆ ಬಿಎಬಿಸಿಪಿ ಪಟ್ಟಿಯಲ್ಲಿ, ಕೌನ್ಸೆಲಿಂಗ್‌ಗೆ ಬಿಎಸಿಪಿಯಲ್ಲಿ, ಸೈಕಾಲಜಿಸ್ಟ್ ಆದರೆ ಎಚ್‌ಸಿಪಿಸಿಯಲ್ಲಿ ಹೆಸರಿದೆಯಾ ನೋಡಿ ದುಡ್ಡು ಕೊಡಿ.

ತಡೆಯಲಾಗದ ಹೊತ್ತು ಬಂದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ 2 ಒತ್ತಿ, ಮಾನಸಿಕ ಆರೋಗ್ಯದವರೇ ಸಿಗುತ್ತಾರೆ. ಸುಮ್ನೆ ಯಾರಾದರೂ ಕೇಳಿಸಿಕೊಂಡರೆ ಸಾಕು ಅನ್ನಿಸಿದರೆ ಸಮಾರಿಟನ್ಸ್, 116 123. ಜೀವಕ್ಕೆ ಅಪಾಯ ಇದ್ದರೆ 999.

ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಟಾಕಿಂಗ್ ಥೆರಪೀಸ್ ಸೇವೆ ಇಲ್ಲ, ಅಲ್ಲಿರುವವರು ಜಿಪಿಯಿಂದಲೇ ಶುರು ಮಾಡಿ. ಮೂರೂ ಕಡೆ ಔಷಧಿ ಚೀಟಿಗೆ ದುಡ್ಡಿಲ್ಲ.