ಹಿರೇಗುಡ್ಡದ ಮಣ್ಣನ್ನು ಅಕ್ಕಿಯ ಹಾಗೆ ಗಾಲಿಸಿದ್ದು

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡಗಳ ಮೇಲೆ ಸುಮಾರು 3,500 ವರ್ಷದ ಹಿಂದೆ ಜನ ಬದುಕಿದ್ದರು. ಹಿರೇಗುಡ್ಡ ಹತ್ತಿದರೆ ಈಗಲೂ ಕಾಲಡಿ ಡೊಲೆರೈಟ್ ಅನ್ನುವ ಗಟ್ಟಿ ಕಪ್ಪು ಕಲ್ಲಿನ ಚಕ್ಕೆಗಳೇ. ಕಲ್ಲುಕೊಡಲಿ ಮಾಡುತ್ತಿದ್ದ ಜಾಗ ಅದು. ನೋಡಲು ಬಂದವರೆಲ್ಲ ಕೊಡಲಿಯನ್ನೇ ಕೇಳುತ್ತಾರೆ. ಉತ್ಖನನ ತಂಡದಲ್ಲಿ ವಿದ್ಯಾರ್ಥಿಯಾಗಿದ್ದ ನನಗೆ ಸಿಕ್ಕಿದ್ದು ಮಣ್ಣು ತೊಳೆಯುವ ಕೆಲಸ.

ಮನೆಯಲ್ಲಿ ಅಕ್ಕಿ ಗಾಲಿಸುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಒಲೆಯಲ್ಲಿ ಬಿದ್ದು ಇದ್ದಿಲಾದ ಕಾಳು ಕೊಳೆಯುವುದಿಲ್ಲ, ಅದನ್ನು ಗೆದ್ದಲೂ ತಿನ್ನುವುದಿಲ್ಲ, ಹಗುರವಾದ್ದರಿಂದ ನೀರಲ್ಲಿ ತೇಲುತ್ತದೆ. ಹಳೆಯ ಒಲೆ, ಗುಂಡಿಗಳ ಮಣ್ಣನ್ನು ಮೊದಲು ಲೀಟರ್ ಲೆಕ್ಕದಲ್ಲಿ ಅಳೆಯಬೇಕು, ಇಲ್ಲದಿದ್ದರೆ ಯಾವ ಪದರದಲ್ಲಿ ಕಾಳು ಜಾಸ್ತಿ ಅಂತ ಹೇಳಲು ಬರುವುದಿಲ್ಲ. ಆಮೇಲೆ ಬಕೆಟ್ ನೀರಿಗೆ ಹಾಕಿ, ಮೆಲ್ಲಗೆ ಕದಡಿ, ಮೇಲೆ ತೇಲಿದ್ದನ್ನು ಸಣ್ಣ ಕಣ್ಣಿನ ಜಾಲರಿಗೆ ಬಗ್ಗಿಸುವುದು. ಜೋರಾಗಿ ಕದಡಿದರೆ ಕಾಳು ಪುಡಿಯಾಗುತ್ತದೆ. ನನ್ನ ಕೈಗೆ ಆ ಹದ ಸಿಕ್ಕಿದ್ದು ಕೆಲಸಕ್ಕೆ ಬರುತ್ತಿದ್ದ ಅಕ್ಕನೊಬ್ಬರನ್ನು ನೋಡಿ. ಅವರು ಬಕೆಟ್ ವಾಲಿಸುವ ರೀತಿಯೇ ಬೇರೆ, ಒಂದು ಹನಿ ಕೆಸರೂ ಜಾಲರಿಗೆ ಬೀಳುತ್ತಿರಲಿಲ್ಲ.

ಬಳ್ಳಾರಿಯ ಬಿಸಿಲಲ್ಲಿ ನೀರಿನದೇ ಚಿಂತೆ. ಅದೇ ನೀರನ್ನು ಮತ್ತೆ ಬಳಸುವಾಗ ಬಟ್ಟೆಯಲ್ಲಿ ಸೋಸಲೇಬೇಕು, ಒಂದು ಗುಂಡಿಯ ಕಾಳು ಇನ್ನೊಂದರ ಲೆಕ್ಕಕ್ಕೆ ಸೇರಿಬಿಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ ಅಲ್ವಾ? ಮೊದಲ ದಿನ ನಾನು ಬೇಗ ಒಣಗಲಿ ಅಂತ, ಜಾಲರಿಯಲ್ಲಿ ಸಿಕ್ಕ ಕಾಳು ಕಟ್ಟಿದ ಬಟ್ಟೆಗಂಟುಗಳನ್ನು ಬಿಸಿಲಲ್ಲಿ ನೇತುಹಾಕಿದೆ. ಸಂಜೆ ಬಿಚ್ಚಿ ನೋಡಿದರೆ ಕಾಳುಗಳೆಲ್ಲ ಬಿರುಕು. ಅಷ್ಟು ವರ್ಷ ಮಣ್ಣಲ್ಲಿ ಉಳಿದದ್ದು ನನ್ನ ಕೈಯಲ್ಲಿ ಒಡೆಯಿತಲ್ಲ ಅಂತ ಅವತ್ತು ಊಟ ಸೇರಲಿಲ್ಲ. ಅಂದಿನಿಂದ ನೆರಳಲ್ಲೇ, ಎಷ್ಟು ದಿನವಾದರೂ ಸರಿ. ಗಂಟಿನ ಗುರುತಿನ ಚೀಟಿ ಬರೆಯುವುದೂ ಪೆನ್ಸಿಲ್‌ನಲ್ಲೇ, ಇಂಕಾದರೆ ಒದ್ದೆಗೆ ಹರಡುತ್ತದೆ.

1940ರ ದಶಕದಲ್ಲಿ ಪುರಾತತ್ವಜ್ಞ ಬಿ. ಸುಬ್ಬರಾವ್ ಇಲ್ಲಿ ಅಗೆದಾಗ ಈ ವಿಧಾನ ಬಳಕೆಯಲ್ಲೇ ಇರಲಿಲ್ಲ. ಆಗ ಕಲ್ಲು, ಮಡಕೆಗಳಿಂದಲೇ ಎಲ್ಲವನ್ನೂ ಊಹಿಸಬೇಕಿತ್ತು. ಆ ಜನ ಏನು ಉಣ್ಣುತ್ತಿದ್ದರು ಅನ್ನುವುದನ್ನು ಹೇಳಿದ್ದು ಈ ಕಪ್ಪು ಕಾಳುಗಳು: ಹುರುಳಿ, ಹೆಸರು, ಕೊರಲೆ ಅನ್ನುವ ಸಿರಿಧಾನ್ಯ. ಕೊಡಲಿಗಿಂತ ಇವೇ ದೊಡ್ಡ ಸಂಪತ್ತು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೈಕ್ರೋಸ್ಕೋಪಿನಲ್ಲಿ ಮೊದಲ ಹುರುಳಿ ಕಂಡಾಗ ನಂಬಲಾಗಲಿಲ್ಲ. ಚಪ್ಪಟೆ ಮೈ, ಸ್ವಲ್ಪ ಬಾಗಿದ ಅಂಚು, ಸುಟ್ಟು ಒಂದು ಬದಿ ಉಬ್ಬಿತ್ತು. ನಮ್ಮ ಅಡುಗೆಮನೆ ಡಬ್ಬಿಯಲ್ಲಿರುವ ಹುರುಳಿಗಿಂತ ತುಸು ಸಣ್ಣದು, ಅಷ್ಟೇ. ಮರುದಿನ ಗುಡ್ಡ ಹತ್ತಿದವಳು ಬಂಡೆಯಲ್ಲಿ ಕಾಳು ಅರೆದು ಸವೆದ ಕುಳಿಯೊಂದಕ್ಕೆ ಕೈಯಿಟ್ಟೆ. ಒಳಗೆಲ್ಲ ನುಣ್ಣಗಿತ್ತು.