ಮೇಳದ ಹಾಡನ್ನು ಕಟ್ಟಿದ ಬಗೆ

ನಮ್ಮ ಹವ್ಯಾಸಿ ತಂಡದ ನಾಟಕವೊಂದರಲ್ಲಿ, ಜಾತ್ರೆಗೆ ಹೊರಟ ಊರಿನವರೆಲ್ಲ ರಂಗದ ಎರಡೂ ಬದಿಗಳಿಂದ ಹಾಡುತ್ತ, ಹೆಜ್ಜೆ ಹಾಕುತ್ತ ಒಳಬರುವ ದೃಶ್ಯವಿತ್ತು; ಅದನ್ನು ಮೇಳಕ್ಕೆ, ಎಂದರೆ ರಂಗದ ಮೇಲೆ ಗುಂಪಾಗಿ ಹಾಡುವ ನಟರಿಗೆ, ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕನ್ನಡದಲ್ಲಿ ಈ ಕೆಲಸಕ್ಕೆ ಇಳಿದವರು ನಾಟಕ ನಿರ್ದೇಶಕ ಬಿ. ವಿ. ಕಾರಂತರನ್ನು ನೆನೆಯದೆ ಮುಂದೆ ಹೋಗುವುದು ಕಷ್ಟ. ಗುಬ್ಬಿ ನಾಟಕ ಕಂಪನಿಯಲ್ಲಿ ಬೆಳೆದ ಅವರು, ಕಥೆಯನ್ನು ತಾನೇ ಹೊತ್ತು ನಡೆಸುವ ಮೇಳವನ್ನು 1970ರ ದಶಕದ ‘ಹಯವದನ’, ‘ಸತ್ತವರ ನೆರಳು’ ಮುಂತಾದ ಪ್ರಯೋಗಗಳ ಮೂಲಕ ಹವ್ಯಾಸಿ ರಂಗಭೂಮಿಗೆ ರೂಢಿ ಮಾಡಿಸಿದರು. ಮೇಳ ಕಥೆ ಹೇಳಬೇಕಾದರೆ ಸಾಹಿತ್ಯ ಕೊನೆಯ ಸಾಲಿನವರಿಗೂ ಕೇಳಿಸಬೇಕು. ನನ್ನ ಎಲ್ಲ ತೀರ್ಮಾನಗಳೂ ಇದನ್ನೇ ಅವಲಂಬಿಸಿದ್ದವು.

ಮೊದಲು ಎದುರಾದದ್ದು ಶ್ರುತಿ, ಎಂದರೆ ಹಾಡಿನ ಷಡ್ಜವನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕೆಂಬುದು. ಹಾರ್ಮೋನಿಯಂನ ಐದೂವರೆ ಮನೆಗೆ ಹಿಡಿದರೆ ಹೆಂಗಸರ ದನಿ ಅರಳುತ್ತದೆ, ಆದರೆ ಗಂಡಸರು ತಾರಕ್ಕೆ ಕಿರುಚಬೇಕು, ಇಲ್ಲವೇ ಕೆಳಗಿನ ಸ್ಥಾಯಿಯಲ್ಲಿ ಗೊಣಗಬೇಕು. ಎರಡು ಮನೆಗೆ ಇಟ್ಟು, ಹೆಂಗಸರು ಒಂದು ಸ್ಥಾಯಿ ಮೇಲೆ ಹಾಡುವಂತೆ ಮಾಡಿದೆ. ಪಲ್ಲವಿ ಪಂಚಮವನ್ನು, ಎಂದರೆ ‘ಪ’ ಸ್ವರವನ್ನು, ದಾಟುತ್ತಿರಲಿಲ್ಲವಾದ್ದರಿಂದ ಅದು ಎಲ್ಲರಿಗೂ ದಕ್ಕಿತು. ತಾರ ಷಡ್ಜವನ್ನು, ಎಂದರೆ ಮೇಲಿನ ‘ಸಾ’ವನ್ನು, ಮುಟ್ಟುವ ಚರಣದ ಸಾಲನ್ನು ಮಾತ್ರ ಕಂಠ ಪಳಗಿದ ಇಬ್ಬರು ಹುಡುಗಿಯರಿಗೆ ಬಿಟ್ಟೆ. ಎಲ್ಲರೂ ಎಲ್ಲ ಸಾಲುಗಳನ್ನೂ ಹಾಡಲೇಬೇಕೆಂಬ ಹಟವು ಭಜನೆಗೆ ಒಪ್ಪಬಹುದು, ನಾಟಕಕ್ಕೆ ಒಪ್ಪುವುದಿಲ್ಲ.

ನಿಜವಾದ ತೊಡಕು ಕಾಲಿನದು. ಹಾಡು ಮಿಶ್ರಛಾಪು ತಾಳದಲ್ಲಿತ್ತು. ಮೂರು, ಎರಡು, ಎರಡು ಎಂದು ಒಡೆಯುವ ಏಳು ಮಾತ್ರೆಗಳಿಗೆ ಮೂರು ಹೆಜ್ಜೆ ಇಟ್ಟರೆ, ಬಲಗಾಲಿನಲ್ಲಿ ಶುರುವಾದ ಆವರ್ತನದ (ತಾಳದ ಒಂದು ಸುತ್ತಿನ) ಮುಂದಿನದು ಎಡಗಾಲಿನಲ್ಲಿ ಶುರುವಾಗುತ್ತದೆ. ಸಾಲೊಂದು ಎರಡು ಆವರ್ತನಗಳಷ್ಟು ಇದ್ದುದರಿಂದ ಪ್ರತಿ ಸಾಲಿನ ಎತ್ತುಗಡೆಗೆ ಬಲಗಾಲೇ ಮರಳಿ ಬರುತ್ತಿತ್ತು, ಆದರೆ ಚರಣಕ್ಕೆ ಮುಂಚೆ ಡೊಳ್ಳಿಗೆಂದು ಬಿಟ್ಟ ಒಂಟಿ ಆವರ್ತನ ಆ ಲೆಕ್ಕವನ್ನು ಕೆಡಿಸುತ್ತಿತ್ತು. ಅಲ್ಲಿ ನಡೆಯುವುದನ್ನೇ ನಿಲ್ಲಿಸಿ, ಇದ್ದಲ್ಲೇ ನಿಂತು ಮೂರು ಚಪ್ಪಾಳೆ ತಟ್ಟಿಸಿದೆ. ಕಾಲು ಸರಿಹೋಯಿತು, ಜೊತೆಗೆ ಚರಣಕ್ಕೆ ಬೇಕಾದ ಉಸಿರೂ ದಕ್ಕಿತು. ಧಾಟಿಯನ್ನು ಹೇಳಿಕೊಡುವ ಮುಂಚೆ ಹಲವು ಸಂಜೆ ಬರಿಯ ಮಾತನ್ನೇ ತಾಳಕ್ಕೆ ಆಡುತ್ತ ನಡೆಯುವ ತಾಲೀಮು ಮಾಡಿಸಿದ್ದೆ. ಸಂಗೀತ ಬಲ್ಲವರಿಗೆ ಇದು ಬೇಸರ ತರಿಸಿತು. ಅವರ ಮುಖ ನೋಡಿ ನಾನು ಕ್ರಮವನ್ನು ಬದಲಿಸಲಿಲ್ಲ.

ಉಚ್ಚಾರಣೆಗೆ ಕೊಟ್ಟಷ್ಟು ಸಮಯವನ್ನು ರಾಗಕ್ಕೂ ಕೊಟ್ಟಿರಲಾರೆ. ‘ಹೊತ್ತು’, ‘ಕಟ್ಟೆ’ಯಂಥ ಪದಗಳಲ್ಲಿ ಒತ್ತಕ್ಷರಕ್ಕೆ ಮುಂಚೆ ದನಿ ಒಂದು ಕ್ಷಣ ಕಟ್ಟಿ ನಿಲ್ಲುತ್ತದೆ. ಒಬ್ಬನೇ ಹಾಡುವಾಗ ಅದು ಚೆಂದ. ಹದಿನಾಲ್ಕು ಜನ ತಮತಮಗೆ ತೋಚಿದಲ್ಲಿ ಕಟ್ಟಿ ಬಿಟ್ಟರೆ ಕೇಳಿಸುವುದು ಹುರಿಯುವ ಜೋಳದ ಸದ್ದು. ಆದ್ದರಿಂದ ಪ್ರತಿ ಒತ್ತಕ್ಷರವೂ ಬಿಚ್ಚಿಕೊಳ್ಳಬೇಕಾದ ಮಾತ್ರೆಯನ್ನು ಹಾಳೆಯಲ್ಲಿ ಗುರುತಿಸಿಕೊಟ್ಟೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಸಾಲಿನ ಕೊನೆಯಲ್ಲಿ ದನಿ ಎಳೆಯುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಆರನೆಯ ಮಾತ್ರೆಗೆ ಕತ್ತರಿಸಿ, ಏಳನೆಯದನ್ನು ಉಸಿರಿಗೆ ಮೀಸಲಿಟ್ಟೆವು. ‘ಸ’ಕಾರವನ್ನು ಮಾತ್ರ ಆದಷ್ಟು ಹಗುರವಾಗಿ ಹಿಡಿಯಲು ಹೇಳಿದೆ.

ಮೊದಲ ಪ್ರದರ್ಶನ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆಯಿತು. ಅಲ್ಲಿನ ಅಗಲವಾದ ರಂಗದಲ್ಲಿ, ಒಂದು ಪಕ್ಕದಲ್ಲಿ ಕೂತ ಹಾರ್ಮೋನಿಯಂ ಎದುರು ಪಕ್ಕದಿಂದ ಬರುವವರಿಗೆ ಸ್ಪಷ್ಟವಾಗಿ ಕೇಳಿಸದು. ಹೀಗಾಗಿ ಎರಡೂ ಗುಂಪುಗಳಲ್ಲಿ ಲಯ ಗಟ್ಟಿಯಿರುವ ಒಬ್ಬೊಬ್ಬರ ಕೈಗೆ ತಾಳ ಕೊಟ್ಟೆ. ಜಾತ್ರೆಯ ದೃಶ್ಯದಲ್ಲಿ ತಾಳ ಹಿಡಿದವರು ಯಾರಿಗೂ ಅಸಹಜವಾಗಿ ಕಾಣಲಿಲ್ಲ. ಅದೇ ಊರಿನ ಇನ್ನೊಂದು ರಂಗಮಂದಿರವಾದ ರಂಗಶಂಕರದಲ್ಲಿ ಆಡಿದಾಗಿನ ಮಾತೇ ಬೇರೆ. ಅಲ್ಲಿ ಪ್ರೇಕ್ಷಕರು ರಂಗದ ಮೂರು ಬದಿಗಳಲ್ಲಿ, ತೀರ ಹತ್ತಿರದಲ್ಲಿ ಕೂರುತ್ತಾರೆ. ಡೊಳ್ಳು ಸಾಹಿತ್ಯವನ್ನು ನುಂಗುತ್ತಿತ್ತಾದ್ದರಿಂದ ಅದರ ಜಾಗಕ್ಕೆ ಕೈಯಲ್ಲಿ ಹಿಡಿದು ಬಡಿಯುವ ಸಣ್ಣ ವಾದ್ಯ ದಮ್ಮಡಿ ಬಂತು, ಒಂದೊಂದು ಚರಣವನ್ನು ಒಂದೊಂದು ಬದಿಗೆ ತಿರುಗಿ ಹಾಡುವಂತೆ ಚಲನೆಯನ್ನು ಮತ್ತೆ ಹೆಣೆದೆವು, ತಾರ ಷಡ್ಜದ ಸಾಲಿನ ಇಬ್ಬರನ್ನು ಮೇಳದ ಹಿಂದಿನಿಂದ ನಡುವಿಗೆ ತಂದೆವು.